ಅಂಗಿಯ ಒಳಗಿನ ಏಳು ಹೊಲಿಗೆ

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು 'ಅರೆಮಿಲ್ಲಿ' ಎಂದೇ. ಹೆಸರು ಸುಮ್ಮನೆ ಬಂದದ್ದಲ್ಲ. ಇಪ್ಪತ್ತೆರಡು ವರ್ಷ ಅವಳು ಮಾಡಿದ್ದು ಒಂದೇ ಕೆಲಸ: ಗಾಜಿನ ತಟ್ಟೆಗೆ ಸಕ್ಕರೆ ಬೆರೆಸಿದ ಅಗರ್ ಎಂಬ ಪಾಚಿಯ ತೆಳು ಗಂಜಿ ಹುಯ್ಯುವುದು, ನಡುವೆ ಒಂದು ಹನಿ ಬ್ಯಾಕ್ಟೀರಿಯಾ ಬಿಡುವುದು, ಅವು ಸಕ್ಕರೆ ಹುಡುಕಿಕೊಂಡು ಉಂಗುರದ ಹಾಗೆ ಹರಡಿದ್ದನ್ನು ಮರುದಿನ ಸ್ಕೇಲಿಟ್ಟು ಅಳೆಯುವುದು. ಅರ್ಧ ಮಿಲಿಮೀಟರ್ ಹೆಚ್ಚುಕಮ್ಮಿಯಾದರೂ ಅವಳ ಕಣ್ಣು ತಪ್ಪಿಸುವಂತಿರಲಿಲ್ಲ. ಪ್ರೊಫೆಸರ್ ಬರೆದ ಅಂಕಿಯನ್ನೇ ಹೊಡೆದುಹಾಕಿ ತಿದ್ದಿದವಳು, ಪುಣ್ಯಾತ್ಗಿತ್ತಿ.

ಹೊಸಬರಿಗೆ ಪಾಠ ಹೇಳುವುದೂ ಅವಳೇ. ಬ್ಯಾಕ್ಟೀರಿಯಾದ ತುದಿಯಲ್ಲಿ ಸಾವಿರಾರು ಪ್ರೋಟೀನ್ ಕಡ್ಡಿಗಳು, ಮೂರು ಜೋಡಿಗೆ ಒಂದು ಕಟ್ಟು. ಕಟ್ಟುಗಳೆಲ್ಲ ಸೇರಿ ಜೇನುಹುಟ್ಟಿನ ಹಾಗೆ ಆರು ಮೂಲೆಯ ಬಲೆ. ಒಂದಕ್ಕೆ ಸಕ್ಕರೆ ತಗುಲಿದರೆ ಅಕ್ಕಪಕ್ಕದವಕ್ಕೂ ಸುದ್ದಿ. ಆದರೆ ಬಲೆಗೆ ಗೊತ್ತಾಗುವುದು ಬದಲಾವಣೆ ಮಾತ್ರ; ಈ ಗಳಿಗೆಯನ್ನು ಹಿಂದಿನ ಗಳಿಗೆಯ ಜೊತೆ ಹೋಲಿಸುತ್ತದೆ, ಅಷ್ಟೆ. ಸಕ್ಕರೆ ತೀರಾ ನಿಧಾನಕ್ಕೆ ಇಳಿದರೆ, ಕಡ್ಡಿಗಳ ಮೈಗೆ ಅಂಟಿದ ಮೀಥೈಲ್ ಎಂಬ ರಾಸಾಯನಿಕದ ಚೂರುಗಳು ಒಂದೊಂದಾಗಿ ಕಳಚಿಕೊಂಡು ಬಲೆಯೂ ಅದಕ್ಕೇ ಒಗ್ಗಿಹೋಗುತ್ತದೆ. ಎಷ್ಟು ಕಮ್ಮಿಯಾಯಿತು ಎಂಬುದು ಅದಕ್ಕೆ ಪತ್ತೆಯೇ ಇರುವುದಿಲ್ಲ. ದಡ್ಡಶಿಖಾಮಣಿಗಳು ಎಂದು ಅವಳು ನಗುತ್ತಿದ್ದಳು.

ಮನೆಯಲ್ಲಿ ಇದ್ದವರು ಅವಳು, ಅವಳ ಅಕ್ಕ, ಇಬ್ಬರೇ. ಅಕ್ಕ ದರ್ಜಿ; ಕಿಟಕಿ ಪಕ್ಕದ ಹೊಲಿಗೆ ಯಂತ್ರವೇ ಅವಳ ಪ್ರಪಂಚ. ದಿನಾ ಒಂದೇ ಮೇಜಿನಲ್ಲಿ ಎದುರುಬದುರು ಊಟ.

ಒಂದು ಭಾನುವಾರ ಚಿಕ್ಕಮ್ಮ ಬಂದರು, ಹಿಂದಿನ ಸಲ ಬಂದುಹೋಗಿ ಎಂಟು ತಿಂಗಳಾದ ಮೇಲೆ. ಬಾಗಿಲು ತೆರೆದ ಅಕ್ಕನನ್ನು ನೋಡಿದವರೇ ಚೀಲ ಅಲ್ಲೇ ಇಟ್ಟು, ತಂಗಿಯನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ, ನಿನಗೇನು ಕಣ್ಣು ಕಾಣೋದಿಲ್ವಾ, ಅವಳು ಅರ್ಧ ಆಗಿದಾಳಲ್ಲೇ ಎಂದು ಗದರಿದರು. ತಂಗಿ ತಿರುಗಿ ನೋಡಿದಳು. ಅವಳಿಗೆ ಕಂಡದ್ದು ನಿನ್ನೆಯ ಅಕ್ಕನೇ.

ಮರುದಿನವೇ ಆಸ್ಪತ್ರೆಗೆ ಓಡಿದರು. ಕರುಳಲ್ಲಿ ಎದ್ದ ಗಡ್ಡೆ ಲಿವರ್‌ಗೂ ಹಬ್ಬಿತ್ತು. ಆರು ತಿಂಗಳ ಮುಂಚೆ ಬಂದಿದ್ದರೆ ಕತ್ತರಿಸಿ ತೆಗೆಯಬಹುದಿತ್ತು, ಈಗ ಕೈಮೀರಿದೆ ಎಂದರು ಡಾಕ್ಟರು.

ಮನೆಗೆ ಬಂದು, ತಂಗಿ ಒಗೆಯಲೆಂದು ಅಕ್ಕನ ಅಂಗಿಯನ್ನು ಒಳಮೈ ಹೊರಗೆ ಮಾಡಿದಾಗ ಪಕ್ಕೆಯಲ್ಲಿ ಹೊಲಿಗೆಯ ಸಾಲುಗಳು ಕಂಡವು. ಏಳು ಸಾಲು. ಅಂಗಿ ಸಡಿಲವಾದಾಗಲೆಲ್ಲ ಇನ್ನೊಂದು ಸಾಲು ಒಳಕ್ಕೆ ಹಾಕಿ ಮೈಗೆ ಹೊಂದಿಸಿಕೊಂಡಿದ್ದಳು ಅಕ್ಕ. ಸಾಲಿಗೂ ಸಾಲಿಗೂ ಐದು ಮಿಲಿಮೀಟರ್. ಅದನ್ನು ಹೇಳಲು ತಂಗಿಗೆ ಸ್ಕೇಲೇ ಬೇಕಿರಲಿಲ್ಲ. ಬೆಂಕಿ ಬೀಳಲಿ ಈ ಹಾಳು ಕಣ್ಣಿಗೆ ಎಂದು ಬಚ್ಚಲಲ್ಲೇ ಕೂತು ಅತ್ತಳು.

ಆಮೇಲೆ ಆ ಅಂಗಿ ಹಿಡಿದುಕೊಂಡೇ ಹೋಗಿ, ಮೈ ಇಳೀತಿದೆ ಅಂತ ಒಂದು ಮಾತು ಹೇಳಬಾರದಿತ್ತಾ ಅಕ್ಕಾ ಎಂದು ಕೇಳಿದಳು.

ಅಕ್ಕ ಅವಳ ಕೈಯಿಂದ ಅಂಗಿ ತೆಗೆದು ಪಕ್ಕಕ್ಕಿಟ್ಟಳು.

"ಭಯ ಆಗಿತ್ತು ಕಣೇ. ಆದ್ರೆ ಅರ್ಧ ಮಿಲ್ಲಿನೂ ಬಿಡದೋಳು ನೀನು, ದಿನಾ ಎದುರಿಗೇ ಕೂತಿರ್ತಿದ್ದೆ. ನೀನೇ ಏನೂ ಅನ್ನಲಿಲ್ವಲ್ಲ, ಹಾಗಾದ್ರೆ ಏನೂ ಇಲ್ಲ ಅಂದ್ಕೊಂಡೆ."