ಗೋಲ್‌ಗೆರೆಯ ಆಚೆ

ಕೋಲಿನಿಂದ ಚೆಂಡು ಬಾರಿಸುವ ಹರ್ಲಿಂಗ್ ಆಟದಲ್ಲಿ ನನ್ನ ತಮ್ಮ ಮ್ಯಾಲಕಿ ಟೂಹಿ ನಮ್ಮ ಕೌಂಟಿಯ, ಅಂದರೆ ಜಿಲ್ಲೆಯ, ತಂಡಕ್ಕೆ ಒಂಬತ್ತು ವರ್ಷ ಗೋಲ್‌ಕೀಪರ್ ಆಗಿದ್ದ. ನಮ್ಮೂರು ಡ್ರಮ್‌ಕೀಲ್‌ನಲ್ಲಿ ಅವನನ್ನು ಇಂದಿಗೂ ಹೊಗಳುತ್ತಾರೆ. ಈಗ ಅವನೂ ಇಲ್ಲ, ಅವನಿಗೆ ಕೋಲು ಕೆತ್ತುತ್ತಿದ್ದ ಫಿಂಟನ್ ಡೆಲಾನಿಯೂ ಇಲ್ಲ. ಅದಕ್ಕೇ ನಡೆದದ್ದನ್ನು ಬರೆಯುತ್ತಿದ್ದೇನೆ.

ಮ್ಯಾಲಕಿಗೆ ಓಟ ಬಾರದು. ಹುಡುಗರು ಅವನನ್ನು ಗೋಲಿನಲ್ಲಿ ನಿಲ್ಲಿಸಿದ್ದೇ ಆ ಕಾರಣಕ್ಕೆ. ಆದರೆ ಕಣ್ಣು ಚುರುಕು. ಡೇರಿಯ ಗೋಡೆಗೆ ಚೆಂಡು ಬಾರಿಸಿ, ಸಿಡಿದು ಬಂದದ್ದನ್ನು ಬರಿಗೈಯಲ್ಲಿ ಹಿಡಿಯುತ್ತಿದ್ದ. ಊಟದ ಮೇಜಿನಲ್ಲಿ ಊದಿದ ಬೆರಳುಗಳಿಂದ ಆಲೂಗಡ್ಡೆಯ ಸಿಪ್ಪೆ ಸುಲಿಯಲಾಗದೆ ಒದ್ದಾಡುತ್ತಿದ್ದ.

ಅವನ ಕೋಲುಗಳನ್ನು ಮಾಡುತ್ತಿದ್ದವನು ಪಕ್ಕದೂರಿನ ಫಿಂಟನ್. ಆಶ್ ಮರದ ಬುಡ ಬೇರಿಗೆ ತಿರುಗುವ ಕಡೆ ಕಡಿದು, ಗೋಲಿನವನಿಗೆ ಬೇಕಾದಂತೆ ತುದಿ ಅಗಲವಾಗಿ ಕೆತ್ತುತ್ತಿದ್ದ. ನಮಗೂ ಅವನೇ, ನಮ್ಮ ಎದುರಾಳಿ ನಾಕ್‌ರೋ ಊರಿಗೂ ಅವನೇ. ಯಾರ ಕಡೆಯವನೂ ಅಲ್ಲ ಎಂಬ ಮಾತು ಅವನಿಗಿದ್ದ ದೊಡ್ಡ ಆಸ್ತಿ.

ಮ್ಯಾಲಕಿ ಇನ್ನೂ ಊರಿನ ತಂಡಕ್ಕಷ್ಟೇ ಆಡುತ್ತಿದ್ದಾಗ ಒಂದು ವರ್ಷ, ಕೌಂಟಿಯ ಊರುಗಳ ಫೈನಲ್‌ನಲ್ಲಿ ನಾವು ಮತ್ತು ನಾಕ್‌ರೋ. ರೆಫರಿ ಗೋಲುಕಂಬಗಳ ಅಂಪೈರುಗಳನ್ನು ತನ್ನ ಊರಿನವರಲ್ಲೇ ಆರಿಸಿಕೊಳ್ಳುವುದು ನಮ್ಮಲ್ಲಿ ವಾಡಿಕೆ. ಅಂದಿನ ರೆಫರಿ ಫಿಂಟನ್ನನ ಊರಿನವನು. ಹಾಗಾಗಿ ಫಿಂಟನ್ ಬಿಳಿ ಕೋಟು ತೊಟ್ಟು ಮ್ಯಾಲಕಿಯ ಕಂಬದ ಪಕ್ಕ ನಿಂತಿದ್ದ. ಆಟ ಮುಗಿಯುತ್ತ ಬಂದಿತ್ತು. ನಾವು ಎರಡು ಅಂಕ ಮುಂದಿದ್ದೆವು. ಒಂದು ಗೋಲಿಗೆ ಮೂರು ಅಂಕ.

ಎತ್ತರದಿಂದ ಬಂದ ಚೆಂಡನ್ನು ಮ್ಯಾಲಕಿ ಹಿಡಿದ. ನಾಕ್‌ರೋದ ಇಬ್ಬರು ಮೇಲೆ ಬಿದ್ದರು. ಹಿಂದೆ ಸರಿದವನ ಕಾಲೂ ಕೈಲಿದ್ದ ಚೆಂಡೂ ಪೂರ್ತಿ ಗೆರೆ ದಾಟಿದವು. ಚೆಂಡು ಗೋಲ್‌ಕೀಪರನ ಕೈಯಲ್ಲೇ ಗೆರೆ ದಾಟಿದರೂ ಅದು ಗೋಲು. ಫಿಂಟನ್ ಗೋಲಾಯಿತೆಂದು ಎತ್ತಬೇಕಾದ ಹಸಿರು ಬಾವುಟದ ಕಡೆ ಬಗ್ಗಿದ, ನಿಂತ, ಮ್ಯಾಲಕಿಯ ಮುಖ ನೋಡಿದ. ಮ್ಯಾಲಕಿ ಇಲ್ಲವೆಂದು ತಲೆಯಾಡಿಸಿ, ಮುಂದೆ ಬಂದು ಚೆಂಡನ್ನು ದೂರ ಬಾರಿಸಿದ. ಬಾವುಟ ಮೇಲೇಳಲಿಲ್ಲ. ನಾವು ಗೆದ್ದೆವು.

ಆ ಹಿಡಿತ ನೋಡಿಯೇ ಕೌಂಟಿ ತಂಡದವರು ಮ್ಯಾಲಕಿಯನ್ನು ಕರೆದರು. ಅದು ಗೋಲೇ ಎಂದು ನಂಬಿದ್ದ ನಾಕ್‌ರೋದವರು ಫಿಂಟನ್ನನ ಅಂಗಡಿಗೆ ಬರುವುದನ್ನು ಬಿಟ್ಟರು. ಸಂತೆಯಲ್ಲಿ ಒಬ್ಬ ಎಲ್ಲರಿಗೂ ಕೇಳುವಂತೆ ಕೇಳಿದ: "ಏನಪ್ಪಾ, ಮರದಲ್ಲಿರೋ ಗಂಟಾದ್ರೂ ಕಾಣುತ್ತಾ ನಿಂಗೆ? ಅದನ್ನೂ ಮ್ಯಾಲಕಿನೇ ಬಂದು ತೋರಿಸ್ಬೇಕಾ?" ಫಿಂಟನ್ನನಿಗೆ ಕುರುಡನೆಂಬ ಅಡ್ಡಹೆಸರು ಅಂಟಿತು. ಮ್ಯಾಲಕಿ ಮಾತ್ರ ಪ್ರತಿ ಚಳಿಗಾಲ ಅವನ ಅಂಗಡಿಗೇ ಹೋಗಿ ಹೊಸ ಕೋಲು ತರುತ್ತಿದ್ದ. ಹೊಗಳಿದರೆ ಎದ್ದು ಹೋಗುತ್ತಿದ್ದ. ಜನ ಅದನ್ನು ವಿನಯವೆಂದುಕೊಂಡರು, ನಾನೂ ಹಾಗೇ ತಿಳಿದಿದ್ದೆ.

ಇಪ್ಪತ್ತೈದು ವರ್ಷದ ಹಿಂದೆ ಗೆದ್ದ ತಂಡವನ್ನು ಹೊಸ ಫೈನಲ್‌ನ ದಿನ ಮೈದಾನದಲ್ಲಿ ನಿಲ್ಲಿಸಿ ಗೌರವಿಸುವ ಪದ್ಧತಿಯುಂಟು. ಆ ಸರದಿ ಬಂದಾಗ ಮ್ಯಾಲಕಿ ಫಿಂಟನ್ನನ ಅಂಗಡಿಗೆ ಹೋಗಿ, ಗೋಲಲ್ಲವೆಂದು ನಿಮ್ಮನ್ನು ನಂಬಿಸಿದ್ದು ನಾನೇ ಎಂದು ಮೈಕಿನಲ್ಲಿ ಹೇಳಿಬಿಡುತ್ತೇನೆ, ನಿಮ್ಮ ಹೆಸರಿಗೆ ಅಂಟಿದ್ದು ಹೋಗಲಿ ಎಂದನಂತೆ. ಅಲ್ಲಿಂದ ನೇರ ನನ್ನ ಮನೆಗೆ ಬಂದ. ನಿಜವನ್ನು ನಾನು ಕೇಳಿದ್ದು ಆಗಲೇ.

ಫಿಂಟನ್ ಕೆತ್ತುವುದನ್ನು ನಿಲ್ಲಿಸದೆ ಹೇಳಿದ್ದಿಷ್ಟು: "ನಾನು ನೋಡಿದ್ದೆ ಕಣೋ. ಗೋಲು ಅಂತ ಗೊತ್ತಿತ್ತು. ನಿಮ್ಮೂರಿನವ್ರು ನನ್ನ ಬೆನ್ನ ಹಿಂದೇನೇ ನಿಂತಿದ್ರು, ಬಾವುಟ ಎತ್ತೋಕೆ ಕೈ ಬರ್ಲಿಲ್ಲ. ನಿನ್ನ ಮುಖ ನೋಡ್ದೆ. ನೀನು ತಲೆ ಆಡಿಸ್ದೆ, ನಾನು ಬಚಾವಾದೆ. ಈಗ ನೀನು ಬಾಯಿ ಬಿಟ್ರೆ, ಕಂಡ್ಯಾ ಇಲ್ವಾ ಅಂತ ನನ್ನನ್ನೂ ಕೇಳ್ತಾರೆ. ಈ ವಯಸ್ಸಲ್ಲಿ ಸುಳ್ಳು ಹೇಳಕ್ಕಾಗಲ್ಲ. ಕುರುಡ ಅನ್ನಿಸ್ಕೊಂಡು ಬದುಕಿದ್ದಾಯ್ತು. ಹೇಡಿ ಅನ್ನಿಸ್ಕೊಂಡು ಸಾಯೋದು ಬೇಡಪ್ಪ."

ಏನು ಮಾಡಲಿ ಎಂದು ಮ್ಯಾಲಕಿ ನನ್ನನ್ನು ಕೇಳಿದ. ಇಷ್ಟು ವರ್ಷ ನನ್ನನ್ನು ಕೇಳದೆ ಇದ್ದವನು ಈಗಲೂ ಕೇಳಬೇಡ ಎಂದೆ.

ಗೋಲ್‌ಕೀಪರ್‌ನದು ಒಂದನೆಯ ನಂಬರು. ಹಾಗಾಗಿ ಆ ದಿನ ಮೊದಲು ಕೂಗಿದ್ದು ಅವನ ಹೆಸರನ್ನೇ. ನಾಕ್‌ರೋದವರೂ ಚಪ್ಪಾಳೆ ತಟ್ಟಿದರು. ಮೈಕು ಕೈಗೆ ಬಂದಾಗ ಮ್ಯಾಲಕಿ ಬೇಲಿಯ ಕಡೆ ತಿರುಗಿದ. ಅಲ್ಲಿ ಟೋಪಿ ಕೈಲಿ ಹಿಡಿದು ಫಿಂಟನ್ ನಿಂತಿದ್ದ. ಅವನು ಇಲ್ಲವೆಂದು ತಲೆಯಾಡಿಸಿದ. ಮ್ಯಾಲಕಿ ಮೈಕನ್ನು ಪಕ್ಕದವನಿಗೆ ಕೊಟ್ಟು, ಹುಲ್ಲು ನೋಡುತ್ತ ನಿಂತ.

ನಾನು ಚಪ್ಪಾಳೆ ತಟ್ಟಲಿಲ್ಲ. ಪಕ್ಕದಲ್ಲಿ ಕುಳಿತಿದ್ದವಳು, ತಮ್ಮನಿಗೆ ಚಪ್ಪಾಳೆ ತಟ್ಟಲೂ ಇಷ್ಟು ಬಿಗುಮಾನವೇ ಎಂದಳು.