ಕಾವಿಯ ಕೆಳಗಿನ ಉಂಗುರ

ಹೂವಿನ ಕುಂಡಕ್ಕೆ ಬಳಿಯಲು ಕಾವಿಯ ಉಂಡೆಯನ್ನು ನೀರಿನಲ್ಲಿ ನೆನೆಹಾಕಿದ್ದೆ. ಒದ್ದೆ ಮಣ್ಣಿನ ಆ ವಾಸನೆ ಮೂಗಿಗೆ ಬಡಿದದ್ದೇ ಮಗಳ ತೊಡೆ ನೆನಪಾಯಿತು. ಎಡದ್ದೋ ಬಲದ್ದೋ ಹೇಳಲಾರೆ. ನನ್ನ ನೆನಪನ್ನು ನೀವು ಪೂರ್ತಿ ನಂಬಬೇಡಿ, ನಾನೂ ನಂಬುವುದಿಲ್ಲ.

ಆಗ ಅವಳಿಗೆ ಎಂಟು ವರ್ಷ. ನನ್ನ ನೌಕರಿ ನಾಶಿಕದ ಹತ್ತಿರ, ಓಝರ್ ಬಳಿಯ ವಿಮಾನ ಕಾರ್ಖಾನೆಯಲ್ಲಿ, ಹೆಂಡತಿಯದು ದೂರದ ಸಂಭಾಜಿನಗರದಲ್ಲಿ. ಮಗಳು ನನ್ನ ಜೊತೆಗಿದ್ದಳು. ಬೇಸಿಗೆ ರಜೆಯಲ್ಲಿ ಮೂವರೂ ಹಿಮಾಚಲಕ್ಕೆ ಹೋಗಿ ಬಂದಿದ್ದೆವು. ಅಲ್ಲಿ ಅವಳು ದಿನವಿಡೀ ಕುರಿಮರಿಗಳ ಹಿಂದೆ ಹುಲ್ಲಿನಲ್ಲಿ ಓಡಿದ್ದಳು. ಮರಳಿದ ಮೇಲೆ ಒಂದು ಸಂಜೆ ನೋಡಿದರೆ ತೊಡೆಯ ಮೇಲೊಂದು ಕೆಂಪು ಉಂಗುರ, ನಡುವೆ ತಿಳಿಬಣ್ಣ. ಬೀದರಿನಲ್ಲಿದ್ದ ಅವ್ವನಿಗೆ ಫೋನ್ ಮಾಡಿದೆ.

“ಸರ್ಪಸುತ್ತು ಅದ. ತಲಿಗೆ ಬಾಲ ಕೂಡೂದ್ರಾಗ ಕಾವಿ ಬಳಿ.”

“ಆಕಿಗಿ ಉರೀನೇ ಇಲ್ಲಬೇ.”

“ನೀ ವಿಮಾನದ ಡಾಕ್ಟರ್ ಇರಬೇಕು, ಮಂದೀದಲ್ಲ. ಬಳಿ ಸುಮ್ನ.”

ಬಳಿದೆ. ದಿನಕ್ಕೆರಡು ಸಲ. ಲೋಹದ ಬಿಡಿಭಾಗಗಳಿಗೆ ಕೆಂಪು ದ್ರವ ಹಚ್ಚಿ, ಬರಿಗಣ್ಣಿಗೆ ಕಾಣದ ಬಿರುಕನ್ನು ಕಾಣಿಸುವುದು ಕಾರ್ಖಾನೆಯಲ್ಲಿ ನನ್ನ ಕೆಲಸ. ಮನೆಯಲ್ಲಿ, ಕಾಣುತ್ತಿದ್ದುದನ್ನೇ ಕೆಂಪು ಹಚ್ಚಿ ಮುಚ್ಚಿದೆ. ಕೆಲವು ದಿನಗಳಲ್ಲಿ ಉಂಗುರ ಮಾಯವಾದಾಗ ಹೆಮ್ಮೆಯೂ ಆಯಿತೆನ್ನಿ. ನಾಟಿ ಮದ್ದೆಂದರೆ ಹೆಂಡತಿಗೆ ಆಗದು, ಅವಳಿಗೆ ಹೇಳಲಿಲ್ಲ.

ದೀಪಾವಳಿಯ ಹೊತ್ತಿಗೆ ಮಗಳ ಮೊಣಕಾಲು ಬಾತುಕೊಂಡಿತು. ನಾಶಿಕದಲ್ಲಿ ಒಬ್ಬ ಡಾಕ್ಟರು ಪೆಟ್ಟು ಬಿದ್ದಿದೆ ಎಂದರು, ಇನ್ನೊಬ್ಬರು ಸಂಧಿವಾತ ಎಂದರು. ಕೊನೆಗೆ ಸಂಭಾಜಿನಗರದ ಮಕ್ಕಳ ವೈದ್ಯೆಯ ಬಳಿ ಒಯ್ದೆವು. ಆಕೆ ಪ್ರವಾಸ, ಹುಲ್ಲು, ಕುರಿ ಎಲ್ಲ ವಿಚಾರಿಸಿ, ಮೈಮೇಲೆ ಎಲ್ಲಾದರೂ ಉಂಗುರದಂಥ ಗುರುತು ಎದ್ದಿತ್ತೇ ಎಂದು ಮರಾಠಿಯಲ್ಲಿ ಕೇಳಿದರು.

ಹೆಂಡತಿ ನನ್ನತ್ತ ನೋಡಿದಳು. “ಇಲ್ಲ,” ಎಂದೆ.

“ಹೋತಾ ನಾ, ಇತ್ತಲ್ಲ ಪಪ್ಪಾ!” ಮಗಳು ನಕ್ಕಳು. “ನೀವೇ ಲಾಲ್ ಮಣ್ಣು ಹಚ್ಚಿದ್ರಿ.”

ಉಣ್ಣಿ ಕಚ್ಚಿ ಬರುವ ಲೈಮ್ ರೋಗ ಎಂದು ರಕ್ತಪರೀಕ್ಷೆಯ ನಂತರ ತಿಳಿಯಿತು. ಆ ಉಂಗುರ ಅದರ ಮೊದಲ ಗುರುತಂತೆ, ಏನೂ ಹಚ್ಚದಿದ್ದರೂ ತಾನಾಗಿ ಮಾಯವಾಗುವಂಥದ್ದು. ಕೆಲವು ವಾರಗಳ ಔಷಧಕ್ಕೆ ಕಾಲು ಸರಿಹೋಯಿತು. ಚಿಕಿತ್ಸೆಗೆಂದು ತಾಯಿಯ ಬಳಿ ಉಳಿದವಳು ಅಲ್ಲೇ ಶಾಲೆಗೆ ಸೇರಿದಳು. ಜಗಳವೇನೂ ಆಗಲಿಲ್ಲ. “ಇಲ್ಲೇ ಇರಲಿ ಬಿಡ್ರಿ,” ಎಂದಳು ಹೆಂಡತಿ, ಅಷ್ಟೇ. ಏಳು ವರ್ಷವಾಯಿತು. ಎರಡು ಕೋಣೆಯ ಈ ಕ್ವಾರ್ಟರ್ಸಿನಲ್ಲಿ ಒಂದು ಕೋಣೆಯ ದೀಪ ಹಚ್ಚುವ ಪ್ರಸಂಗವೇ ಬರುವುದಿಲ್ಲ.

ಆದರೆ ಹೆಂಡತಿ ಅಂದು ನನ್ನತ್ತ ನೋಡಿದ್ದು ನಿಜವೇ? ಆ ನೋಟವನ್ನು ಆಮೇಲೆ ನಾನೇ ಬಳಿದುಕೊಂಡೆನೇ? ಕಾವಿ ಕೈಯಲ್ಲೇ ಮಗಳಿಗೆ ಫೋನ್ ಮಾಡಿದೆ.

“ಡಾಕ್ಟರ್ ಮುಂದ ನಾ ಸುಳ್ಳು ಹೇಳಿದ್ದು ನೆನಪದೇನು?”

“ಸುಳ್ಳು? ಕಾಯ್ ಪಪ್ಪಾ, ಯಾವ ಸುಳ್ಳು! ಮಣ್ಣು ಥಂಡ ಇತ್ತು. ನೀವು ಫೂ ಫೂ ಮಾಡಿ ಒಣಗಸ್ತಿದ್ರಿ. ತೇವಢಂಚ್, ಅಷ್ಟೇ ನೆನಪದ.”

ಮರೆತವಳ ಬಳಿ ಕ್ಷಮೆ ಕೇಳುವುದು ಹೇಗೆ? “ನಿಮ್ಮವ್ವಗ ಫೋನ್ ಕೊಡು,” ಎಂದೆ.

“ಏನ್ರಿ, ಚಹಾ ಆತೇನು?” ಹೆಂಡತಿಯ ದನಿಯ ಹಿಂದೆ ಟಿವಿ ಗದ್ದಲ.

“ಅವತ್ತು ನಾ ಇಲ್ಲ ಅಂದೆನಲ್ಲ…”

ಆ ಕಡೆ ಟಿವಿ ನಿಂತಿತು.