ಕುರುಗೋಡಿನ ಪಪ್ಪಾಯಿಯೂ ಗಾದೆಮ್ಮನ ಒದ್ದೆ ಬಟ್ಟೆಯೂ

ಕೊಯ್ದ ಹಣ್ಣು ಕೊಳೆಯದಂತೆ ಕಾಯುವ ಶಾಸ್ತ್ರಕ್ಕೆ ಮೂವತ್ತೊಂದು ವರ್ಷ ದುಡಿದು ಈಚೆಗೆ ನಿವೃತ್ತರಾದ ಡಾ. ಶೀಲಾ ಅವರ ಸ್ಥಾನ ಬಳ್ಳಾರಿ ಸೀಮೆಯಲ್ಲಿ ದೊಡ್ಡದು. ಬೆಳೆ ಹೆಚ್ಚಿಸಿದವರಿಗೆ ಹಾರ ಬೀಳುತ್ತದೆ. ಬೆಳೆದದ್ದು ಕೆಡದಂತೆ ನೋಡಿಕೊಂಡವರನ್ನು ಯಾರೂ ಗಮನಿಸುವುದಿಲ್ಲ, ಏಕೆಂದರೆ ಅವರು ಗೆದ್ದ ದಿನ ಏನೂ ಆಗಿರುವುದಿಲ್ಲ.

ಚಿಕ್ಕವರಿದ್ದಾಗ ಬಳ್ಳಾರಿಯ ಕೌಲ್ ಬಜಾರಿನಲ್ಲಿ ತಂದೆಯವರ ತಳ್ಳುಗಾಡಿಯ ಬಳಿ ನಿಂತು ಕಪ್ಪುಚುಕ್ಕೆ ಬಿದ್ದ ಪಪ್ಪಾಯಿ ಆರಿಸಿ ಎಸೆಯುವಾಗಲೇ, ನಿನ್ನೆ ಚಂದವಿದ್ದ ಹಣ್ಣಿಗೆ ಇವತ್ತೇನಾಯಿತು ಎಂಬ ಪ್ರಶ್ನೆ ಅವರಿಗೆ ಅಂಟಿಕೊಂಡಿತ್ತು. ಉತ್ತರ ಕಾಲೇಜಿನಲ್ಲಿ ಸಿಕ್ಕಿತು: ಚಿಬ್ಬು ರೋಗದ ಶಿಲೀಂಧ್ರ ತೋಟದಲ್ಲೇ ಕಾಯಿಗೆ ಹೊಕ್ಕು, ಹಣ್ಣಾಗುವವರೆಗೂ ಒಳ್ಳೆಯ ಬಾಡಿಗೆದಾರನಂತೆ ಸದ್ದಿಲ್ಲದೆ ಇರುತ್ತದೆ. ಮೊದಲ ನೌಕರಿ ಸಿರುಗುಪ್ಪದಲ್ಲಿ. ಭತ್ತ ಬಿಟ್ಟರೆ ಉಳಿದದ್ದೆಲ್ಲ ಹವ್ಯಾಸ ಎನ್ನುವ ಆ ಊರಿನಲ್ಲಿ ಆರು ವರ್ಷ ಹಣ್ಣಿನ ಮಾತಾಡಿಯೂ ಅವರು ಮರ್ಯಾದೆ ಉಳಿಸಿಕೊಂಡರು.

ಹನ್ನೆರಡು ವರ್ಷಗಳ ಹಿಂದೆ ಕುರುಗೋಡಿನ ವರ್ತಕ ಮಾರೆಣ್ಣನವರ ಗೋದಾಮಿನಲ್ಲಿ ಅವರು ಆ ಶಿಲೀಂಧ್ರವನ್ನು ಕೊಲ್ಲಲು ಬಿಸಿನೀರಿನ ತೊಟ್ಟಿ ಇಟ್ಟರು. ನಲವತ್ತೊಂಬತ್ತು ಡಿಗ್ರಿ, ಇಪ್ಪತ್ತು ನಿಮಿಷ.

“ಹಣ್ಣಿಗೆ ಎಣ್ಣಿ ಸ್ನಾನ ಏನ್ರಿ ಮೇಡಂ? ಸೀಗೆಪುಡಿ ತರಿಸ್ಲೇನು?” ಎಂದರು ಮಾರೆಣ್ಣ. “ಒಂದು ಲೋಡು ಕೊಡ್ತೀನಿ. ಕೊಳೆತ್ರ ತೊಟ್ಟಿ ಹೊರಗ.”

ಎಂಟನೆಯ ದಿನ ಪೆಟ್ಟಿಗೆ ತೆರೆದರೆ ಬೂಸ್ಟು. ಶೀಲಾ ಸೋಲೊಪ್ಪದೆ ಇನ್ನೊಂದು ಲೋಡು ಬೇಡಿ, ಇಡೀ ದಿನ ಗೋದಾಮಿನಲ್ಲೇ ಕುಳಿತರು. ಕಾರಣ ಕಣ್ಣಿಗೆ ಬಿತ್ತು. ಇಪ್ಪತ್ತು ವರ್ಷಗಳಿಂದ ಹಣ್ಣು ಒರೆಸುತ್ತಿದ್ದ ಗಾದೆಮ್ಮ, ಕೊಳೆತದ್ದನ್ನು ಒರೆಸಿದ ಒದ್ದೆ ಬಟ್ಟೆಯಲ್ಲೇ ತೊಟ್ಟಿಯಿಂದ ಬಂದ ಪ್ರತಿ ಹಣ್ಣನ್ನೂ ಕನ್ನಡಿಯಂತೆ ಹೊಳೆಯಿಸುತ್ತಿದ್ದರು. ಹೊಳೆಯದ ಹಣ್ಣು ಲಾರಿ ಹತ್ತುವುದು ಅವರಿಗೆ ಅವಮಾನ.

“ನಾಳಿಂದ ಬರಬ್ಯಾಡ ನೀನು,” ಎಂದು ಮಾರೆಣ್ಣ ಗಾದೆಮ್ಮನ ಮೇಲೆ ಹರಿಹಾಯ್ದರು.

“ತಪ್ಪು ನಂದೈತ್ರಿ,” ಎಂದರು ಶೀಲಾ. “ನೀರಿನ ತನಕ ಹೇಳಿದೆ, ಆಮ್ಯಾಲೆ ಏನು ಮಾಡ್ತೀರಿ ಅಂತ ಕೇಳ್ಲಿಲ್ಲ. ತಗಿಯೋದಾದ್ರ ಮೊದ್ಲು ನನ್ನ ತೊಟ್ಟಿ ತಗೀರಿ.”

ಮಾತಿಗಷ್ಟೇ ಅಲ್ಲ; ಅಚ್ಚಾದ ವರದಿಯಲ್ಲೂ ‘ಸಂಶೋಧಕಿಯ ಲೋಪ’ ಎಂದೇ ಬರೆದರು. ಆ ಸಾಲು ತೆಗೆಯಿರೆಂದು ಸಹೋದ್ಯೋಗಿಗಳು ಹಿತವಚನ ಹೇಳಿದರು, ಶೀಲಾ ಚಹಾ ತರಿಸಿ ಕೊಟ್ಟರು, ಸಾಲು ಉಳಿಯಿತು. ಅಂಥ ಸಾಲು ಅವರ ಇಲಾಖೆಯ ಬೇರೆ ವರದಿಗಳಲ್ಲಿ ಹುಡುಕಿದರೂ ಸಿಗದು.

ಮುಂದಿನ ಲೋಡಿಗೆ ಥರ್ಮಾಮೀಟರಿನ ನಲವತ್ತೊಂಬತ್ತರ ಗೆರೆಗೆ ಕೆಂಪು ದಾರ ಕಟ್ಟಿ, ಓದು ಬಾರದ ಗಾದೆಮ್ಮನನ್ನೇ ತೊಟ್ಟಿಯ ಮೇಲ್ವಿಚಾರಣೆಗೆ ನಿಲ್ಲಿಸಿದರು. ಹಣ್ಣು ಗಾಳಿಗೆ ತಾನೇ ಆರಿತು, ಬಟ್ಟೆ ಗೂಟಕ್ಕೇರಿತು. ಹತ್ತನೆಯ ದಿನ ಪೆಟ್ಟಿಗೆ ತೆರೆದಾಗ ಬೂಸ್ಟಿನ ಸುಳಿವಿರಲಿಲ್ಲ; ಮಾರೆಣ್ಣನವರು ಮೊದಲ ಬಾರಿಗೆ ತಮಾಷೆ ಮಾಡಲಿಲ್ಲ. ಇಂದು ಆ ಸೀಮೆಯ ಗೋದಾಮುಗಳಲ್ಲಿ ತೊಟ್ಟಿ ಕಾಯುವ ಹೆಣ್ಣುಮಕ್ಕಳೆಲ್ಲ ಗಾದೆಮ್ಮನ ಶಿಷ್ಯೆಯರು.

ಇನ್ನು ಅಂಜೂರದ ಸರದಿ ಎನ್ನುತ್ತಿರುವ ಶೀಲಾ ಅವರಿಗೆ ಆಯುಸ್ಸೂ ಹುಮ್ಮಸ್ಸೂ ತುಂಬಿರಲಿ, ಅವರ ಪ್ರಶ್ನೆಗಳು ಎಂದೂ ಮುಗಿಯದಿರಲಿ.

ಬೀಳ್ಕೊಡುಗೆಯ ದಿನ ಗಾದೆಮ್ಮ ನೀರಿನ ಕಲೆ ಹಾಗೇ ಉಳಿದ ಒಂದು ಪಪ್ಪಾಯಿ ತಂದಿದ್ದರು. “ಕೈ ತುರಿಸ್ತಿತ್ರಿ ಅಕ್ಕಾರ, ಆದ್ರೂ ಒರಸಿಲ್ಲ.”

ಅಂದು ಬಿದ್ದ ಹಾರಗಳು ಮೂರೇ ದಿನಕ್ಕೆ ಬಾಡಿದವು. ಹಣ್ಣು ಹತ್ತನೆಯ ದಿನವಾದ ಇಂದೂ ಶೀಲಾ ಅವರ ಮೇಜಿನ ಮೇಲೆ ಚೊಕ್ಕವಾಗಿದೆ.